ದಾನದ ದುಡ್ಡಲ್ಲಿ ಕೆಲಸ ಹುಟ್ಟಿಸೋದು ಹೇಗೆ: ಹೊಲಿಗೆ ಮಷೀನ್ ಹಂಚಿ ಕೈ ಸುಟ್ಕೊಂಡವರ ಲೆಕ್ಕ

ಮೂಡಿಗೆರೆ ಕಡೆ ನಮ್ಮೂರಲ್ಲಿ ಅಟ್ಟ ಹತ್ತಿ ನೋಡಿದ್ರೆ ಗೋಣಿಚೀಲ ಹೊದ್ದಿಸಿಟ್ಟ ಹೊಲಿಗೆ ಮಷೀನ್ ಸಿಗ್ತಿತ್ತು, ಒಂದು ಮನೇಲಲ್ಲ, ಏಳೆಂಟು ಮನೇಲಿ. ಕೊಟ್ಟಿದ್ದು ನಾವೇ. ಬೆಂಗಳೂರಲ್ಲಿ ಕೆಲಸಕ್ಕಿರೋ ನಮ್ಮೂರ ಹುಡುಗ್ರೆಲ್ಲ ಸೇರಿ ದುಡ್ಡು ಹಾಕಿ, ಹತ್ತು ಮಷೀನ್ ತಂದು, ಶಾಮಿಯಾನ ಹಾಕ್ಸಿ, ಹಾರ ಶಾಲು ಫೋಟೋ ಎಲ್ಲಾ ಆಯ್ತು, ಸ್ಟೇಟಸ್ಸಿಗೂ ಹಾಕಿದ್ವಿ, ಆರು ತಿಂಗಳು ಬಿಟ್ಟು ಹೋದ್ರೆ ಓಡ್ತಿದ್ದಿದ್ದು ಎರಡೇ. ಬೈಯೋಣ ಅಂದ್ರೆ ಅವರ ತಪ್ಪೇನಿದೆ ಹೇಳಿ, ಒಂದೇ ಊರಲ್ಲಿ ಹತ್ತು ಮನೆಗೆ ಮಷೀನ್ ಕೊಟ್ಟು ಕೂರ್ಸಿದ್ರೆ ಯಾರ ಬ್ಲೌಸ್ ಯಾರು ಹೊಲೀಬೇಕು? ಇದಾದ್ಮೇಲೆ ಎರಡನೇ ಸಲ ಬೇರೆ ತರ ಮಾಡಿದ್ವಿ. ನಿಮ್ಮೂರಲ್ಲೂ ಹಬ್ಬಕ್ಕೆ ಕಿಟ್ ಹಂಚೋಕೆ ಅಂತ ದುಡ್ಡು ಸೇರಿಸ್ತಿದ್ರೆ, ಸ್ವಲ್ಪ ನಿಂತು ಇದನ್ನ ಓದಿ.

ಮೊದಲು ಒಂದು ಹಳೇ ಕ್ಯಾಲೆಂಡರ್ ತಗೊಂಡು ಊರ ಹೆಂಗಸರ ಜೊತೆ ಕೂತ್ಕೊಳ್ಳಿ, ಯಾವ ತಿಂಗಳು ಕೈಯಲ್ಲಿ ಕೂಲಿ ಇರುತ್ತೆ ಯಾವ ತಿಂಗಳು ಇರಲ್ಲ ಅಂತ ಗುರುತು ಹಾಕಿ. ನಮ್ಮ ಕಡೆ ನವೆಂಬರಿಂದ ಅರೇಬಿಕಾ ಕುಯ್ಲು, ಅದು ಮುಗೀತಿದ್ದಂಗೆ ರೋಬಸ್ಟಾ, ಅಷ್ಟೂ ದಿನ ತೋಟದಲ್ಲಿ ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ದು ಚೆನ್ನಾಗೇ ದುಡೀತಾರೆ, ಆ ಟೈಮಲ್ಲಿ ಬಂದು ಹೊಲೀರಿ ಅಂದ್ರೆ ಯಾರು ಬರ್ತಾರೆ? ಜೂನಿಂದ ಆಗಸ್ಟ್ ಹಿಡಿದ ಮಳೆ ಬಿಡಲ್ಲ, ಕೆಲಸ ಕಮ್ಮಿ, ಸಂಘದ ಸಾಲದ ಕಂತು ಮಾತ್ರ ವಾರಾವಾರ ಕಟ್ಟಬೇಕು. ನೀವು ಹುಟ್ಟಿಸೋ ಕೆಲಸ ಆ ಮಳೆಗಾಲದ ಗುಂಡಿ ತುಂಬಬೇಕು. ಬಯಲುಸೀಮೆ ಕಡೂರಿಗೋ ಅರಸೀಕೆರೆಗೋ ಈ ಲೆಕ್ಕ ಪೂರ್ತಿ ಬೇರೆ, ಅಲ್ಲಿನವರನ್ನೇ ಕೇಳಿ.

ಆಮೇಲೆ ಕೊಳ್ಳೋರು ಯಾರು ಅನ್ನೋದು. ಇದನ್ನ ಮಷೀನ್ ತರೋಕೆ ಮುಂಚೆ ಕೇಳ್ಬೇಕು, ತಂದ್ಮೇಲಲ್ಲ. ಹಸು ಕೊಡಿಸೋ ಪ್ಲಾನ್ ನಮ್ಮ ಕಡೆ ಯಾಕೆ ಸುಮಾರಾಗಿ ಗೆಲ್ಲುತ್ತೆ ಅಂದ್ರೆ ಡೈರಿ ಊರಲ್ಲೇ ಇದೆ, ಬೆಳಿಗ್ಗೆ ಸಂಜೆ ಹಾಲು ಅಳ್ಕೋತಾರೆ, ಹಾಸನ ಒಕ್ಕೂಟ ಹಾಸನ ಚಿಕ್ಕಮಗಳೂರು ಕೊಡಗು ಮೂರೂ ಜಿಲ್ಲೆ ಹಾಲು ತಗೊಳ್ಳುತ್ತೆ, ದುಡ್ಡು ಅಕೌಂಟಿಗೆ ಬರುತ್ತೆ. ಆದ್ರೆ ಒಂದೇ ಹಸು ಕೊಡಿಸಿ ಕೈ ತೊಳ್ಕೋಬೇಡಿ, ಕರು ಹಾಕೋಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸ್ಬೇಕು, ಆಗ ಹಿಂಡಿ ಬೂಸಕ್ಕೆ ಎಲ್ಲಿಂದ ತರ್ತಾರೆ? ಬತ್ತಿಸೋ ತಿಂಗಳ ಮೇವಿನ ದುಡ್ಡು, ಕಿವಿಗೆ ನಂಬರ್ ಓಲೆ ಹಾಕ್ಸಿ ಇನ್ಶೂರೆನ್ಸ್, ಇವೆರಡೂ ಲೆಕ್ಕದೊಳಗೇ ಇರ್ಲಿ.

ಅಡಿಕೆ ಹಾಳೆ ತಟ್ಟೆ ಯೂನಿಟ್ ಹಾಕೋಣ ಅಂತ ನಮ್ಮಲ್ಲೂ ಒಬ್ಬರು ಕುಣಿದಿದ್ರು, ಎಕ್ಸ್‌ಪೋರ್ಟ್ ಆರ್ಡರ್ ಸಿಗುತ್ತಂತೆ ಅಂತ. 2025ರಲ್ಲಿ ಅಮೆರಿಕದಲ್ಲಿ ಆಹಾರ ಔಷಧಿ ಮೇಲೆ ನಿಗಾ ಇಡೋ ಇಲಾಖೆ ಎಫ್‌ಡಿಎ, ಅಡಿಕೆ ಹಾಳೇಲಿರೋ ಅಂಶ ಊಟಕ್ಕೆ ಇಳಿಯುತ್ತೆ ಅಂತ ಹೇಳಿ ಆ ತಟ್ಟೆ ಬೇಡ ಅಂದ್ಬಿಡ್ತು. ಹೊರಗಿನ ಆರ್ಡರೊಂದನ್ನೇ ನಂಬ್ಕೊಂಡಿದ್ದವರ ಗತಿ ಯೋಚ್ನೆ ಮಾಡಿ. ಇನ್ನು ಹಾಳೆ ಬೀಳೋದು ಬೇಸಿಗೇಲಿ, ಮಳೆಗೆ ಮುಂಚೆ ಒಣಗ್ಸಿ ಬೆಚ್ಚಗೆ ಇಡ್ಲಿಲ್ಲ ಅಂದ್ರೆ ಬೂಷ್ಟು, ಅಂದ್ರೆ ಮಷೀನ್‌ಗಿಂತ ಮುಂಚೆ ಒಳ್ಳೇ ಗೋಡೌನ್ ಬೇಕು, ಅದು ಯಾರ ಬಜೆಟ್ಟಲ್ಲೂ ಇರಲ್ಲ.

ಈಗ ದುಡ್ಡು ಹಂಚೋ ವಿಷ್ಯ, ಎಲ್ಲರೂ ಎಡವೋದು ಇಲ್ಲೇ. ಎರಡನೇ ಸಲ ನಮ್ಮ ಹತ್ರ ಇದ್ದಿದ್ದು 1,50,000 ರೂಪಾಯಿ. ಹೊಲಿಯೋ ಮಷೀನ್ ಅಟ್ಟದಿಂದ ಇಳಿಸಿದ್ವಿ, ಆರು ಜನ ಸಾಕು ಅಂತ ತೀರ್ಮಾನ ಮಾಡಿ ಒಂದು ಓವರ್‌ಲಾಕು ಒಂದು ಪೀಕೋ ಮಷೀನ್ (ಎರಡೂ ಬಟ್ಟೆ ಅಂಚು ಹೊಲಿಯೋವು) ತಂದು, ಹಳೇದನ್ನ ರಿಪೇರಿ ಮಾಡ್ಸಿದ್ವಿ, 38,000. ಬಟ್ಟೆ ನೂಲು ಗುಂಡಿಗೆ 50,000. ಕಟಿಂಗ್ ಮಾಸ್ಟರ್‌ಗೆ ತಿಂಗಳಿಗೆ 12,000ದಂತೆ ಮೂರು ತಿಂಗಳು, 36,000. ಹೊಲಿಯೋಕೆ ಎಲ್ರಿಗೂ ಬರುತ್ತೆ ಕಣ್ರೀ, ಕಟಿಂಗ್ ಸರಿ ಇಲ್ಲ ಅಂದ್ರೆ ಮೂವತ್ತು ಷರ್ಟಿಗೆ ಮೂವತ್ತು ತರ ಕಾಲರ್ ಬರುತ್ತೆ, ಅದಕ್ಕೇ ಆ ಮನುಷ್ಯನಿಗೆ ಅಷ್ಟು. ಉಳಿದ 26,000 ಮುಟ್ಟಬಾರದು ಅಂತ ಬ್ಯಾಂಕಲ್ಲಿಟ್ವಿ. ನಮ್ಮವರೇ ಒಬ್ಬರು, ದುಡ್ಡು ಯಾಕೆ ಕೊಳೆಸ್ತೀರಿ ಇನ್ನೆರಡು ಮಷೀನ್ ತನ್ನಿ ಅಂತ ಜಗಳಾನೇ ಮಾಡಿದ್ರು.

ಒಂದು ಸ್ಕೂಲಿನ ಯೂನಿಫಾರ್ಮ್ ಆರ್ಡರ್ ಸಿಕ್ತು, ಮೇ ಪೂರ್ತಿ ಹೊಲಿದು ಜೂನಲ್ಲಿ ಕೊಟ್ವಿ, ದುಡ್ಡು ಬಂದಿದ್ದು ಗೌರಿ ಹಬ್ಬ ಕಳೆದ್ಮೇಲೆ. ನಾಳೆ ಬನ್ನಿ ಸೋಮವಾರ ಬನ್ನಿ ಅಂತ ಓಡಾಡ್ಸಿದ್ರು. ಆ ಮಳೇಲಿ ಹೆಂಗಸರಿಗೆ ಕೂಲಿ ಕೊಟ್ಟಿದ್ದು ಆ 26,000ದಿಂದ. ಅದಿಲ್ದಿದ್ರೆ ಎಲ್ರೂ ಮತ್ತೆ ಅವರವರ ದಾರಿ ಹಿಡೀತಿದ್ರು, ಮಷೀನ್ ಮತ್ತೆ ಅಟ್ಟಕ್ಕೆ. ಹಂಗಾಗಿ ಮಷೀನ್‌ಗೆ ಕಾಲು ಭಾಗ, ಹೆಚ್ಚಂದ್ರೆ ಮೂರನೇ ಒಂದು ಭಾಗ ಇಡಿ, ಉದ್ರಿ ತಡ್ಕೊಳ್ಳೋಕೆ ಮಾತ್ರ ಗಂಟು ಗಟ್ಟಿ ಇರ್ಲಿ. ಅಂದಹಾಗೆ ಎಲ್ಲಾ ಮಷೀನ್‌ಗೂ ಮೋಟರ್ ಹಾಕ್ಸಬೇಡಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದ್ರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು, ಕಾಲಲ್ಲಿ ತುಳಿಯೋದೇ ಕೈ ಹಿಡಿಯುತ್ತೆ.

ಹಂಗಂತ ಕಿಟ್ ಕೊಡೋದೇ ತಪ್ಪು ಅಂತಲ್ಲ. ವಯಸ್ಸಾದವರು, ಹಾಸಿಗೆ ಹಿಡಿದವರು, ಅವರಿಗೆ ಅಕ್ಕಿ ಬೇಳೆ ಔಷಧಿ ಕೊಡ್ಲೇಬೇಕು, ಅವರನ್ನ ಉದ್ಯಮಿ ಮಾಡೋಕೆ ಹೊರಡಬೇಡಿ. ಕೆಲಸ ಶುರು ಮಾಡೋರಿಗೂ ಮೊದಲ ಕೆಲವು ತಿಂಗಳು ಮನೆ ಖರ್ಚಿಗೆ ಏನಾದ್ರೂ ಕೊಡಿ, ಇಲ್ಲಾಂದ್ರೆ ಹೊಟ್ಟೆಗಾಗಿ ಹಸುನೇ ಮಾರ್ತಾರೆ. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಅನ್ನೋ ಸಂಸ್ಥೆ 2002ರಿಂದ ಮಾಡಿದ್ದು ಇದನ್ನೇ: ಮೇಕೆನೋ ಹಸುನೋ ಕೊಟ್ಟು, ಜೊತೆಗೆ ಊಟದ ಖರ್ಚು, ಟ್ರೇನಿಂಗು, ಉಳಿತಾಯ, ಮನೆಗೆ ಬಂದು ವಿಚಾರಿಸ್ಕೊಳ್ಳೋ ಒಬ್ಬರು. ನಮ್ಮ ಪಶ್ಚಿಮ ಬಂಗಾಳನೂ ಸೇರಿ ಆರು ದೇಶದಲ್ಲಿ ಇದನ್ನ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಹಾಕಿದ್ರು, ಪ್ರೋಗ್ರಾಂ ನಿಂತು ಒಂದು ವರ್ಷ ಆದ್ಮೇಲೂ ಆ ಮನೆಗಳ ಸಂಪಾದನೆ ಊಟ ಎರಡೂ ಮುಂದಿತ್ತು.

ಟ್ರೇನಿಂಗಿಗೆ ದಾನದ ದುಡ್ಡು ಸುರೀಬೇಡಿ, ಅದು ಪುಕ್ಕಟೆ ಸಿಗುತ್ತೆ. ಚಾರ್ಮಾಡಿ ಇಳಿದ್ರೆ ಉಜಿರೆ, ಅಲ್ಲಿ 1982ರಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ಟ್ರೇನಿಂಗ್ ಸೆಂಟರ್ ನೋಡ್ಕೊಂಡೇ ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿ ಅಂತ ಬಂತು, ಊಟ ವಸತಿ ಎಲ್ಲಾ ಫ್ರೀ. ತಿಂಡಿ, ಉಪ್ಪಿನಕಾಯಿ, ಕಾಫಿಪುಡಿ ಮಾಡೋರಿಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಸ್ಕೀಮಲ್ಲಿ ಶೇ 35 ಸಬ್ಸಿಡಿ ಇತ್ತು, ಈಗ ಅರ್ಜಿ ತಗೋತಿದಾರಾ ಅಂತ ಕೃಷಿ ಇಲಾಖೇಲಿ ಕೇಳಿ.

ಇನ್ನು ಕೊಟ್ಟ ದುಡ್ಡನ್ನ ಕಂತಲ್ಲಿ ವಾಪಸ್ ತಗೊಳ್ಳೋದು. ದಾನ ಕೊಟ್ಟು ವಾಪಸ್ ಕೇಳೋದಾ ಅಂತ ನಮಗೂ ಮುಜುಗರ ಇತ್ತು, ಅದಕ್ಕೆ ಮೊದಲೇ ಹೇಳಿಬಿಟ್ವಿ, ಬಡ್ಡಿ ಇಲ್ಲ, ಕಂತು ನಮಗಲ್ಲ, ಹೆಂಗಸರ ಸಂಘದ ಅಕೌಂಟಿಗೆ, ಅದರಿಂದ ಮುಂದಿನ ಮನೆಗೆ. ಮಳೆಗಾಲ ಮೂರು ತಿಂಗಳು ಕಂತಿಲ್ಲ. ಯಾರು ಕಟ್ತಿಲ್ಲ ಅನ್ನೋದು ನಮಗಿಂತ ಮುಂಚೆ ಆ ಅಕ್ಕಂದಿರಿಗೇ ಗೊತ್ತಿರುತ್ತೆ, ಅವರೇ ಮಾತಾಡ್ಕೋತಾರೆ. ಟ್ರಸ್ಟ್ ಹೆಸರಲ್ಲಿ ಕೊಡೋದಾದ್ರೆ ಆಡಿಟರ್ ಹತ್ರ ಮೊದಲೇ ಒಂದು ಮಾತು ಕೇಳಿ.

ಶಾಮಿಯಾನ ಬಿಟ್ವಿ. ದುಡ್ಡು ಹಾಕಿದವರಿಗೆ ಈಗ ತಿಂಗಳಿಗೊಂದು ಫೋಟೋ ಕಳಿಸ್ತೀವಿ, ಲೆಕ್ಕದ ಪುಸ್ತಕದ ಹಾಳೇದು, ಒಳಗೆ ಬಂದ ಆರ್ಡರು, ಕೊಟ್ಟ ಕೂಲಿ, ಬರಬೇಕಾದ ಬಾಕಿ. ಮೊದಲ ತಿಂಗಳು ಒಬ್ಬರು, ಇದೇನ್ರೀ ಫೋಟೋದಲ್ಲಿ ಯಾರೂ ಇಲ್ವಲ್ಲ ಅಂದ್ರು. ಎರಡನೇ ತಿಂಗಳು ಅವರೇ ಫೋನ್ ಮಾಡಿ, ಆ ಸ್ಕೂಲಿನವರು ಬಾಕಿ ಕೊಟ್ರಾ ಅಂತ ಕೇಳಿದ್ರು.