ಕಂಟೈನರ್‌ನಿಂದ ಬುಟ್ಟಿಯವರೆಗೆ

ಹಣ್ಣು ತುಂಬಿ ಬಂದ ತಂಪು ಕಂಟೈನರ್‌ನ ಬಾಗಿಲು ತೆಗೆದ ಕೂಡಲೇ ನಾನು ಹಣ್ಣು ನೋಡುವುದಿಲ್ಲ, ಒಳಗಿನ ಟೆಂಪರೇಚರ್ ಲಾಗರ್, ಅಂದರೆ ದಾರಿಯುದ್ದಕ್ಕೂ ತಾಪಮಾನ ದಾಖಲಿಸುವ ಪುಟ್ಟ ಸಾಧನ, ನೋಡುತ್ತೇನೆ. ದಾರಿಯಲ್ಲಿ ಒಂದು ರಾತ್ರಿ ತಂಪು ತಪ್ಪಿದ್ದರೂ ಅದು ಆಗಲೇ ಹೇಳಿಬಿಡುತ್ತದೆ. ಸಿಪ್ಪೆ ಹೇಳುವುದು ತಡವಾಗಿ. ಅಂಥ ಮಾಲನ್ನು ದೂರದ ಅಂಗಡಿಗೆ ಕಳಿಸಬೇಡಿ, ಹತ್ತಿರದಲ್ಲೇ ಬೇಗ ಮಾರಿ. ಮೊದಲು ಬಂದದ್ದಲ್ಲ, ಮೊದಲು ಕೆಡುವಂಥದ್ದು ಮೊದಲು ಹೊರಡಬೇಕು.

ಕಿವಿ ಹಣ್ಣನ್ನು ಸೇಬಿನ ಪಕ್ಕ ಇಡಬೇಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಕಿವಿ ಬೇಗ ಮೆತ್ತಗಾಗುತ್ತದೆ. ಸುಮ್ನೆ ಜಾಗ ಉಳಿಸೋಣ ಅಂತ ಹೋಗಿ ಒಮ್ಮೆ ಇಡೀ ಪ್ಯಾಲೆಟ್, ಅಂದರೆ ಒಂದು ಹಲಗೆಯ ಮೇಲೆ ಪೇರಿಸಿದ ಅಷ್ಟೂ ಪೆಟ್ಟಿಗೆ, ಕಳೆದುಕೊಂಡಿದ್ದೇನೆ. ಬಾಳೆಗೆ 13 ಡಿಗ್ರಿಗಿಂತ ಕಡಿಮೆ ಬೇಡ, ಬಣ್ಣ ಮಂಕಾಗುತ್ತದೆ.

ಅಂಗಡಿಯಲ್ಲಿ ಬೆಣ್ಣೆಹಣ್ಣಿಗೆ ಎರಡು ಬುಟ್ಟಿ ಇಡಿ. ‘ಇವತ್ತೇ ತಿನ್ನಿ’, ‘ಮೂರು ದಿನ ಬಿಟ್ಟು ತಿನ್ನಿ’ ಅಂತ ಚೀಟಿ ಅಂಟಿಸಿ. ಇಲ್ಲದಿದ್ದರೆ ಗಿರಾಕಿಗಳು ಪ್ರತಿ ಹಣ್ಣನ್ನೂ ಒತ್ತಿ ನೋಡುತ್ತಾರೆ. ಸಂಜೆಗೆ ಎಲ್ಲದರ ಮೇಲೂ ಹೆಬ್ಬೆರಳಿನ ಗುರುತು!