ಗುಲಾಬಿ ಕಾಯಿಯಿಂದ ಸಸಿಯವರೆಗೆ

ಮನೆಯಲ್ಲಿರುವ ಗುಲಾಬಿಯಂತಹುದೇ ಇನ್ನೊಂದು ಗಿಡ ಬೇಕೆನ್ನುವವರು ಕಡ್ಡಿ ನೆಡಬೇಕು ಅಥವಾ ಕಣ್ಣು ಕಸಿ ಮಾಡಿಸಬೇಕು. ಬೀಜದ ದಾರಿ ಅವರಿಗಲ್ಲ. ನರ್ಸರಿಯಿಂದ ನಾವು ತರುವ ಗುಲಾಬಿಗಳಲ್ಲಿ ಹೆಚ್ಚಿನವು ಹಲವು ತಲೆಮಾರುಗಳ ಮಿಶ್ರತಳಿಗಳಾದ್ದರಿಂದ, ಕಡುಗೆಂಪು ಹೂವಿನ ಗಿಡದ ಬೀಜದಿಂದ ಬಂದ ಸಸಿಯು ತಿಳಿ ಬಣ್ಣದ, ಐದೇ ಎಸಳಿನ ಹೂವನ್ನು ಬಿಟ್ಟರೂ ಆಶ್ಚರ್ಯಪಡಬೇಕಾಗಿಲ್ಲ. ಆದರೆ ಬೇರೆ ಯಾರ ಅಂಗಳದಲ್ಲಿಯೂ ಇಲ್ಲದ ಹೂವೊಂದನ್ನು ನೋಡುವ ಕುತೂಹಲವಿದ್ದು, ವರ್ಷವೊಂದು ಕಾಯುವ ತಾಳ್ಮೆಯೂ ಇದ್ದರೆ ಇದಕ್ಕಿಂತ ಒಳ್ಳೆಯ ಕೆಲಸ ತೋಟದಲ್ಲಿ ಇನ್ನೊಂದಿಲ್ಲ. ದೆಹಲಿಯಲ್ಲಿ ಕೃಷಿ ವಿಜ್ಞಾನಿ ಬಿ. ಪಿ. ಪಾಲ್ ಅವರೂ ಕೊಡೈಕೆನಾಲಿನಲ್ಲಿ ಎಂ. ಎಸ್. ವೀರರಾಘವನ್ ಅವರೂ ಹೊಸ ಗುಲಾಬಿಗಳನ್ನು ಪಡೆದದ್ದು ಇಂತಹ ಬೀಜದ ಸಸಿಗಳಿಂದಲೇ.

ಅಂತರ್ಜಾಲದ ಅಂಗಡಿಗಳಲ್ಲಿ ಕಾಣುವ ನೀಲಿ ಗುಲಾಬಿಯ, ಕಾಮನಬಿಲ್ಲಿನ ಬಣ್ಣದ ಗುಲಾಬಿಯ ಬೀಜದ ಪೊಟ್ಟಣಗಳಿಗೆ ಹಣ ಕಳೆದುಕೊಳ್ಳಬೇಡಿ. ಅಂತಹ ಗಿಡಗಳೇ ಇಲ್ಲದಿರುವಾಗ ಬೀಜವೆಲ್ಲಿಂದ ಬರಬೇಕು?

ಬೀಜ ಬೇಕಾದರೆ ಬಾಡಿದ ಹೂವನ್ನು ಕತ್ತರಿಸುವ ಅಭ್ಯಾಸವನ್ನು ಕೆಲವು ರೆಂಬೆಗಳ ಮಟ್ಟಿಗಾದರೂ ಬಿಡಬೇಕು. ಎಸಳುಗಳು ಉದುರಿದ ಮೇಲೆ ತೊಟ್ಟಿನ ತುದಿಯಲ್ಲಿ ಗೋಲಿಯಂತಹ ಹಸಿರು ಕಾಯಿ ನಿಲ್ಲುತ್ತದೆ. ಅದು ಬಲಿತು ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗಲು ಮೂರೂವರೆ, ನಾಲ್ಕು ತಿಂಗಳು ಬೇಕು. ಎಸಳು ಕಿಕ್ಕಿರಿದ ಹೂಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಕಾಯಿ ನಿಲ್ಲುವುದು ಕಡಿಮೆ. ಐದರಿಂದ ಹದಿನೈದು ಎಸಳಿನ, ಜೇನುನೊಣ ಸಲೀಸಾಗಿ ಕುಳಿತೇಳುವ ಹೂಗಳನ್ನು ಆರಿಸಿಕೊಳ್ಳಿ. ನೊಣವನ್ನು ನಂಬದವರು ಬೆಳಗಿನ ಹೊತ್ತು ಬೇರೊಂದು ಗಿಡದ ಪರಾಗವನ್ನು ಮೆತ್ತನೆಯ ಕುಂಚದಿಂದ ಹೂವಿನ ನಡುವಿನ ಅಂಟಾದ ತುದಿಗಳಿಗೆ ಸವರಬಹುದು. ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿ ಜುಲೈ ಅಥವಾ ಆಗಸ್ಟ್‌ನ ಹೂವಿನ ಕಾಯಿಯನ್ನು ಉಳಿಸಿಕೊಳ್ಳುವುದು ನನ್ನ ಪದ್ಧತಿ, ಏಕೆಂದರೆ ಅದು ದೀಪಾವಳಿಯ ಸುಮಾರಿಗೆ ಹಣ್ಣಾಗಿ, ಮುಂದಿನ ಕೆಲಸವೆಲ್ಲ ಚಳಿಗಾಲಕ್ಕೆ ಹೊಂದಿಕೊಳ್ಳುತ್ತದೆ. ಮಲೆನಾಡಿನವರು ಆ ತಿಂಗಳುಗಳಲ್ಲಿ ಕುಂಡವನ್ನು ಸೂರಿನಡಿ ಇಡದಿದ್ದರೆ ಹೂವು ಮಳೆಗೇ ಕೊಳೆತುಹೋಗುತ್ತದೆ.

ಹಣ್ಣಾದ ಕಾಯಿಯನ್ನು ಚಾಕುವಿನಿಂದ ಅಡ್ಡಲಾಗಿ, ಮೇಲುಮೇಲೆ ಸೀಳಿ ಬೀಜಗಳನ್ನು ಬಿಡಿಸಿಕೊಳ್ಳಿ. ಒಳಗಿನ ನವಿರಾದ ರೋಮಗಳು ಚರ್ಮಕ್ಕೆ ತಾಗಿದರೆ ತುರಿಕೆ ಬರುವುದರಿಂದ ಕೈಗವಸು ಇರಲಿ. ಕಾಯಿಯ ತಿರುಳಿನಲ್ಲಿ ಮೊಳಕೆಯನ್ನು ತಡೆಯುವ ಅಂಶವಿರುತ್ತದೆ. ಬೀಜಕ್ಕೆ ಚೂರೂ ತಿರುಳು ಅಂಟಿರದಂತೆ ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಉಜ್ಜಿ ತೊಳೆದು, ಒಂದು ದಿನ ನೀರಿನಲ್ಲಿ ನೆನೆಯಲು ಬಿಡಿ. ತೇಲುವ ಬೀಜ ಜೊಳ್ಳೆಂದು ಎಸೆಯಬೇಕೆಂಬ ಮಾತಿದೆ. ನಾನೂ ಕೆಲವು ವರ್ಷ ಹಾಗೆಯೇ ಎಸೆದಿದ್ದೆ. ಒಮ್ಮೆ ಮಾತ್ರ ಎಸೆದ ಬೀಜವೊಂದು ದಾಸವಾಳದ ಬುಡದಲ್ಲಿ ಮೊಳೆತು ನನ್ನನ್ನು ನಾಚಿಸಿತು. ಈಗ ಎಲ್ಲವನ್ನೂ ಬಿತ್ತುತ್ತೇನೆ.

ಗುಲಾಬಿಯ ಬೀಜ ತಂಪಿನ ಕಾಲವೊಂದನ್ನು ಕಳೆಯದೆ ಸಾಮಾನ್ಯವಾಗಿ ಏಳುವುದಿಲ್ಲ, ಮತ್ತು ನಮ್ಮ ಬಯಲುಸೀಮೆಯ ಚಳಿ ಅದಕ್ಕೆ ಸಾಲದು. ಆದ್ದರಿಂದ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಟಿಶ್ಯೂ ಕಾಗದದಲ್ಲಿ ಬೀಜಗಳನ್ನು ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಎಂಟರಿಂದ ಹತ್ತು ವಾರ ಇರಿಸಬೇಕು. ಅಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿದ್ದರೆ ಸಾಕು. ಮೇಲಿನ ಫ್ರೀಜರಿನಲ್ಲಿ ಮಾತ್ರ ಇಡಕೂಡದು. ಹತ್ತು ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ, ಬೂಷ್ಟು ಕಂಡರೆ ಬೀಜ ತೊಳೆದು ಕಾಗದ ಬದಲಿಸಿ. ಡಬ್ಬಿಯ ಮೇಲೆ ತಾರೀಖಿನೊಂದಿಗೆ ಇದು ಏನೆಂಬುದನ್ನೂ ದಪ್ಪಕ್ಷರದಲ್ಲಿ ಬರೆಯಿರಿ. ಹಬ್ಬಕ್ಕೆ ಫ್ರಿಜ್ಜನ್ನು ಶುಚಿ ಮಾಡಿದ ನನ್ನ ಸೊಸೆ ಒಂದು ವರ್ಷದ ಬೀಜವನ್ನೆಲ್ಲ ಹಳಸಿದ ಪದಾರ್ಥವೆಂದು ಕಸಕ್ಕೆ ಹಾಕಿದಳು. ಹೆಸರು ಬರೆಯದ ತಪ್ಪು ನನ್ನದೇ.

ಸಂಕ್ರಾಂತಿಯ ಹೊತ್ತಿಗೆ ಬಿತ್ತಲು ಸರಿಹೋಗುತ್ತದೆ. ತೆಂಗಿನ ನಾರಿನ ಪುಡಿ, ಮರಳು, ಎರೆಗೊಬ್ಬರಗಳನ್ನು ಬೆರೆಸಿ, ಗೊಬ್ಬರದ ಪಾಲನ್ನು ಕಡಿಮೆಯೇ ಇಟ್ಟು, ತಳದಲ್ಲಿ ತೂತಿರುವ ತಟ್ಟೆಯಲ್ಲಿ ತುಂಬಿಸಿ, ಒಂದು ಸೆಂಟಿಮೀಟರ್ ಆಳಕ್ಕೆ, ಎರಡು ಬೆರಳಿನ ಅಂತರದಲ್ಲಿ ಬೀಜವಿಟ್ಟು, ಮೇಲೆ ತೆಳುವಾಗಿ ಮರಳು ಹರಡಿ. ಸಸಿಗಳನ್ನು ಹೆಚ್ಚಾಗಿ ಕೊಲ್ಲುವುದು ಬುಡ ಕೊಳೆಯುವ ರೋಗ, ಅದನ್ನು ಕರೆದು ತರುವುದು ನಮ್ಮ ನೀರಿನ ಉದಾರತೆ. ಮೇಲಿನಿಂದ ಸುರಿಯುವ ಬದಲು ತಟ್ಟೆಯನ್ನು ನೀರಿರುವ ಪಾತ್ರೆಯಲ್ಲಿ ಸ್ವಲ್ಪ ಹೊತ್ತಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಟ್ಟರೆ ಈ ಕಾಟ ತಗ್ಗುತ್ತದೆ. ಬೆಳಗಿನ ಎಳೆಬಿಸಿಲೂ ಗಾಳಿಯೂ ಆಡುವ ಜಾಗದಲ್ಲಿಡಿ. ಕೆಲವು ಬೀಜಗಳು ಮೂರ್ನಾಲ್ಕು ವಾರಗಳಲ್ಲಿ ಏಳುತ್ತವೆ, ಕೆಲವು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಹತ್ತರಲ್ಲಿ ಎರಡೋ ಮೂರೋ ಮೊಳೆತರೆ ನನಗೆ ಸಮಾಧಾನ.

ಮೊದಲು ಬರುವ ದುಂಡಗಿನ ಬೀಜದಳಗಳನ್ನು ಕಂಡು ಕಳೆಯೆಂದು ಕೀಳಬೇಡಿ. ಗರಗಸದ ಅಂಚಿನ ನಿಜವಾದ ಎಲೆ ಅದರ ನಂತರ ಬರುತ್ತದೆ. ಅಂತಹ ಮೂರು ನಾಲ್ಕು ಎಲೆಗಳಾದ ಮೇಲೆ ಚಮಚದಿಂದ ಮಣ್ಣಿನ ಸಮೇತ ಎತ್ತಿ ಸಣ್ಣ ಕುಂಡಗಳಿಗೆ ಬದಲಿಸಿ, ಬೇಸಿಗೆಯುದ್ದಕ್ಕೂ ಮಧ್ಯಾಹ್ನದ ಬಿಸಿಲಿನಿಂದ ಕಾಪಾಡಿ, ಮುಂಗಾರು ಹಿಡಿದ ಮೇಲೆ ದೊಡ್ಡ ಕುಂಡಕ್ಕೋ ನೆಲಕ್ಕೋ ದಾಟಿಸಿ. ವರ್ಷವಿಡೀ ಹೂ ಬಿಡುವ ತಳಿಗಳ ಸಸಿ ಗೇಣುದ್ದವಾಗುವ ಮೊದಲೇ ಮೊಗ್ಗು ತೋರಿಸುವುದುಂಟು. ಆ ಮೊದಲ ಹೂವು ಚಿಕ್ಕದಾಗಿ, ಎಸಳು ಕಡಿಮೆಯಾಗಿ ಕಂಡರೂ ಅದನ್ನೇ ನೋಡಿ ಗಿಡವನ್ನು ಕಿತ್ತೆಸೆಯಬಾರದು, ಒಂದು ವರ್ಷ ಕಾಯಬೇಕು. ಬೂದಿ ರೋಗಕ್ಕೆ ಮತ್ತೆಮತ್ತೆ ತುತ್ತಾಗುವ ಸಸಿಯನ್ನು ಮಾತ್ರ ನಾನು ಉಳಿಸಿಕೊಳ್ಳುವುದಿಲ್ಲ.

ಮೊಳೆಯದ ಬೀಜಗಳಿರುವ ತಟ್ಟೆಯನ್ನು ಚೆಲ್ಲಬೇಡಿ. ಅದನ್ನು ನೆರಳಿನ ಮೂಲೆಯಲ್ಲಿ ತೇವವಾರದಂತೆ ಇಟ್ಟಿದ್ದರೆ, ಮುಂದಿನ ಚಳಿಗಾಲದಲ್ಲಿ ಒಂದೆರಡು ಬೀಜಗಳು ತಲೆಯೆತ್ತಿಯಾವು.