ಹದಿನಾಲ್ಕನೇ ದಿನ ಗದ್ದ ಮುಟ್ಟಿ ನೋಡಿ: ಮಂಗನಬಾವು ಲಸಿಕೆಯ ಮೊದಲ ಹಂತದ ಸುರಕ್ಷತಾ ಪರೀಕ್ಷೆ

ಮಂಗನಬಾವಿನ ಹೊಸ ಲಸಿಕೆ ಸುರಕ್ಷಿತವೋ ಅಲ್ಲವೋ ಎಂಬುದು ಚುಚ್ಚಿದ ದಿನ ಗೊತ್ತಾಗುವುದಿಲ್ಲ, ಆ ವಾರದಲ್ಲೂ ಗೊತ್ತಾಗುವುದಿಲ್ಲ. ಎಷ್ಟೋ ಲಸಿಕೆಗಳಲ್ಲಿ ತೋಳುನೋವು, ಜ್ವರ, ಮೈಕೈನೋವು ಎಲ್ಲ ಮೂರು ದಿನದಲ್ಲಿ ಬಂದು ಹೋಗಿಬಿಡುತ್ತವೆ. ಇದರಲ್ಲಿ ಇರುವುದು ಬಲ ಕುಂದಿಸಿದ, ಆದರೆ ಜೀವಂತ ವೈರಸ್. ಅದು ಮೈಯೊಳಗೆ ಬೆಳೆದು ಕೆನ್ನೆಯ ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯನ್ನೋ ಮಿದುಳಿನ ಪೊರೆಯನ್ನೋ ಮುಟ್ಟುವುದಾದರೆ ಎರಡು ವಾರ, ಕೆಲವೊಮ್ಮೆ ಮೂರು ವಾರ ಹಿಡಿಯುತ್ತದೆ. ಹಾಗಾಗಿ ಪರೀಕ್ಷೆ ನಡೆಸುವ ನಾವು, ಲಸಿಕೆ ಹಾಕಿಸಿಕೊಂಡವರು ದಿನವೂ ತುಂಬುವ ದಿನಚರಿ ಪುಸ್ತಕವನ್ನು 7 ದಿನಕ್ಕಲ್ಲ, 42 ದಿನಕ್ಕೆ ಅಚ್ಚು ಹಾಕಿಸುತ್ತೇವೆ. 10ರಿಂದ 30ನೇ ದಿನದವರೆಗಿನ ಪುಟಗಳು ಹಳದಿ ಕಾಗದದಲ್ಲಿರುತ್ತವೆ. ಆ ಪುಟ ಖಾಲಿ ಕಂಡರೆ ಅಂದೇ ಫೋನ್ ಹೋಗುತ್ತದೆ.

ಇಷ್ಟು ಹಟಕ್ಕೆ ಕಾರಣ ಉರಾಬೆ ಎಂಬ ಹಳೆಯ ಮಂಗನಬಾವು ಲಸಿಕೆ ತಳಿಯ ಕತೆ. ಪರವಾನಗಿ ಸಿಕ್ಕಿ ಲಕ್ಷಾಂತರ ಮಕ್ಕಳಿಗೆ ಹಾಕಿದ ಮೇಲೆ ಅದರಿಂದ ಮಿದುಳುಪೊರೆಯ ಉರಿಯೂತ ಬರುತ್ತಿರುವುದು ಗೊತ್ತಾಯಿತು. ಬ್ರಿಟನ್ 1992ರ ಸೆಪ್ಟೆಂಬರ್‌ನಲ್ಲಿ ಅದನ್ನು ಬಿಟ್ಟಿತು, ಜಪಾನ್ 1993ರಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಸೇರಿದ) ಲಸಿಕೆಯನ್ನೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ ಪ್ರಯೋಗಾಲಯದ ದಾಖಲೆ ಹಿಡಿದು ಹುಡುಕಿದಾಗ ಸಿಕ್ಕ ಲೆಕ್ಕ ಸುಮಾರು 11,000 ಡೋಸಿಗೆ ಒಂದು. ಮೊದಲ ಹಂತದಲ್ಲಿ ನಮ್ಮ ಮುಂದಿರುವುದು 30 ಜನ. ಮೂವತ್ತರಲ್ಲಿ ಒಬ್ಬರಿಗೂ ಏನೂ ಆಗದಿದ್ದರೆ ಹೇಳಬಹುದಾದದ್ದು ಇಷ್ಟೇ: ಆ ತೊಂದರೆಯ ಪ್ರಮಾಣ ನೂರಕ್ಕೆ ಹತ್ತಕ್ಕಿಂತ ಹೆಚ್ಚಿರಲಿಕ್ಕಿಲ್ಲ. ಮೂರನ್ನು ಜನರ ಸಂಖ್ಯೆಯಿಂದ ಭಾಗಿಸಿ, ಲೆಕ್ಕ ಸಿಗುತ್ತದೆ. ವರದಿಯಲ್ಲಿ ‘ಸುರಕ್ಷಿತವೆಂದು ಸಾಬೀತಾಗಿದೆ’ ಎಂದು ಬರೆಯಲು ಈ ಹಂತದಲ್ಲಿ ಯಾರಿಗೂ ಹಕ್ಕಿಲ್ಲ. ಮನುಷ್ಯರ ಮೇಲೆ ಹೋಗುವ ಮುನ್ನವೇ ಹೊಸ ತಳಿಯ ನರವಿಷತ್ವ ಪರೀಕ್ಷೆಯ ವರದಿ ಓದುತ್ತೇವೆ. ಆಗ ತಾನೇ ಹುಟ್ಟಿದ ಇಲಿಮರಿಗಳ ಮಿದುಳಿಗೆ ವೈರಸ್ ಹಾಕಿ, ತಿಂಗಳ ಹೊತ್ತಿಗೆ ಮಿದುಳಿನ ಕುಳಿಗಳು ಎಷ್ಟು ಹಿಗ್ಗಿವೆ ಎಂದು ಅಳೆಯುವ ಪರೀಕ್ಷೆ ಅದು. ಹೋಲಿಸಲು ಪಕ್ಕದಲ್ಲಿ, ಸುರಕ್ಷಿತವೆಂದು ಹೆಸರಾದ ಜೆರಿಲ್ ಲಿನ್ ಎಂಬ ಲಸಿಕೆ ತಳಿಯ ಅಂಕಿ ಇಲ್ಲದಿದ್ದರೆ ಆ ವರದಿಯಿಂದ ಪ್ರಯೋಜನ ಕಡಿಮೆ.

ಇನ್ನು ಯಾರನ್ನು ಸೇರಿಸಿಕೊಳ್ಳಬೇಕು? ಹೊಸಬರು ತಪ್ಪುವುದು ಇಲ್ಲಿಯೇ. ಮೊದಲ ಹಂತ ಆರೋಗ್ಯವಂತ ವಯಸ್ಕರಲ್ಲಿ, ಆಮೇಲೆ ಮೆಲ್ಲಗೆ ಮಕ್ಕಳತ್ತ. ಆದರೆ ನಮ್ಮ ವಯಸ್ಕರಲ್ಲಿ ಬಹಳ ಜನರಿಗೆ ಚಿಕ್ಕಂದಿನಲ್ಲೇ ಮಂಗನಬಾವು ಬಂದು ಹೋಗಿರುತ್ತದೆ. ಕೆಲವರಿಗೆ ಬಾವೇ ಕಾಣದೆ ಸೋಂಕು ಮುಗಿದಿರುತ್ತದೆ, ಅವರಿಗೂ ನೆನಪಿರುವುದಿಲ್ಲ. ಅಂಥವರ ರಕ್ತದಲ್ಲಿರುವ ಪ್ರತಿಕಾಯಗಳು ಲಸಿಕೆಯ ವೈರಸ್ಸನ್ನು ಬೆಳೆಯಲು ಬಿಡುವುದಿಲ್ಲ. ಮೂವತ್ತೂ ಜನ ಅಂಥವರೇ ಆದರೆ ಫಲಿತಾಂಶ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಅದರಿಂದ ಒಂದು ವರ್ಷದ ಮಗುವಿನ ಬಗ್ಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ತಪಾಸಣೆಯ ದಿನ 5 ಮಿ.ಲೀ. ರಕ್ತ ತೆಗೆದು ಐಜಿಜಿ ಎಲಿಸಾ (ಪ್ರತಿಕಾಯ ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ, ಪ್ರತಿಕಾಯ ಇಲ್ಲದವರನ್ನು ಬೇರೆ ಗುಂಪಾಗಿ ಇಟ್ಟುಕೊಳ್ಳುತ್ತೇವೆ. ಅವರು ಸುಲಭವಾಗಿ ಸಿಗುವುದಿಲ್ಲ, ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಜನರನ್ನು ತಪಾಸಣೆ ಮಾಡಬೇಕಾಗುತ್ತದೆ. ಆ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಬರೆಸಿ.

ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು, ಇತ್ತೀಚೆಗೆ ರಕ್ತ ಪಡೆದವರು, 28 ದಿನದೊಳಗೆ ಬೇರೆ ಜೀವಂತ ಲಸಿಕೆ ಹಾಕಿಸಿಕೊಂಡವರು, ಜೆಲಾಟಿನ್ ಅಥವಾ ನಿಯೋಮೈಸಿನ್ ಅಲರ್ಜಿ ಇರುವವರು ಹೊರಗೆ. ಮನೆಯವರಲ್ಲಿ ಯಾರಾದರೂ ಕೀಮೋಥೆರಪಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಬಿಡಿಸಿ ಕೇಳಬೇಕು. ಮೂತ್ರದ ಗರ್ಭಪರೀಕ್ಷೆ ಚುಚ್ಚುವ ದಿನವೇ ಆಗಬೇಕು.

ನೋಂದಣಿಯ ತಾರೀಕನ್ನು ಪಂಚಾಂಗ ಎದುರಿಗಿಟ್ಟುಕೊಂಡೇ ಗೊತ್ತು ಮಾಡಿ. ದಸರಾ, ದೀಪಾವಳಿ, ಯುಗಾದಿಗೆ ಬೆಂಗಳೂರಿನ ಅರ್ಧ ಜನ ಊರಿಗೆ ಹೊರಡುತ್ತಾರೆ. 14ನೇ ಅಥವಾ 21ನೇ ದಿನ ಆ ರಜೆಯೊಳಗೆ ಬಿದ್ದರೆ ಅತಿ ಮುಖ್ಯ ಭೇಟಿಯೇ ತಪ್ಪಿತು. ಮಳೆಗಾಲದಲ್ಲಿ ಡೆಂಗಿ ಇನ್ನೊಂದು ತೊಡಕು: 15ನೇ ದಿನದ ಜ್ವರ, ತಲೆನೋವು ಲಸಿಕೆಯದೋ ಸೊಳ್ಳೆಯದೋ? ಜ್ವರ ಬಂದ ಮೊದಲ ಐದು ದಿನದೊಳಗೆ ಡೆಂಗಿಯ ಎನ್‌ಎಸ್1 ರಕ್ತಪರೀಕ್ಷೆ ಮಾಡಿಸದಿದ್ದರೆ ಆಮೇಲೆ ಬಿಡಿಸುವುದು ಕಷ್ಟ.

ಚುಚ್ಚುವ ದಿನದ ಕೆಲಸ ಹೆಚ್ಚಿಲ್ಲ, ಆದರೆ ಸಣ್ಣ ತಪ್ಪೂ ವೈರಸ್ಸನ್ನು ಕೊಲ್ಲುತ್ತದೆ. ಒಣಪುಡಿಯ ವಯಲ್ 2ರಿಂದ 8 ಡಿಗ್ರಿಯಲ್ಲಿ, ಬೆಳಕು ಬೀಳದಂತೆ ಇರಬೇಕು. ಅದರ ಜೊತೆ ಬಂದ ದ್ರಾವಣವನ್ನೇ ಬಳಸಬೇಕು. ಕೈಗೆ ಸಿಕ್ಕ ಬೇರೆ ಸಲೈನ್ ಬೇಡ. ಸ್ಪಿರಿಟ್ ಹಚ್ಚಿದ ಚರ್ಮ ಪೂರ್ತಿ ಒಣಗುವವರೆಗೆ ಕಾಯಬೇಕು, ಇಲ್ಲವಾದರೆ ಸ್ಪಿರಿಟ್ಟಿಗೇ ವೈರಸ್ ಸಾಯುತ್ತದೆ. 25 ಗೇಜ್, 16 ಮಿ.ಮೀ. ಸೂಜಿ, ತೋಳಿನ ಹೊರಬದಿಯ ಚರ್ಮ ಎತ್ತಿ ಹಿಡಿದು 45 ಡಿಗ್ರಿ ಓರೆಯಲ್ಲಿ 0.5 ಮಿ.ಲೀ. ಕಲಸಿದ ಸಮಯ, ಚುಚ್ಚಿದ ಸಮಯ ಎರಡೂ ನಿಮಿಷದ ಲೆಕ್ಕದಲ್ಲಿ ದಾಖಲಾಗಬೇಕು. ಅದೇ ಫ್ರಿಜ್ಜಿನಲ್ಲಿದ್ದ ಕೆಲವು ತೆರೆಯದ ವಯಲ್‌ಗಳನ್ನು ಕೊನೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿ ವೈರಸ್ ಎಷ್ಟು ಉಳಿದಿದೆ ಎಂದು ಅಳೆಸುತ್ತೇವೆ. ಕರೆಂಟ್ ಹೋಗಿ ಲಸಿಕೆ ಸತ್ತಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ನಾವು ಅದನ್ನೇ ಸುರಕ್ಷತೆ ಎಂದು ಓದಿಬಿಡುತ್ತೇವೆ.

ಮೊದಲ ಮೂವರಿಗೆ ಒಂದೊಂದು ದಿನ ಬಿಟ್ಟು ಹಾಕುತ್ತೇವೆ. ಪ್ರತಿಯೊಬ್ಬರೂ ಒಂದು ಗಂಟೆ ಕಣ್ಣೆದುರೇ ಇರಬೇಕು. 1:1000 ಅಡ್ರಿನಲಿನ್ 0.5 ಮಿ.ಲೀ. ಕೈಗೆಟುಕುವಂತಿರಬೇಕು, ಕೊಡಬೇಕಾಗಿ ಬಂದರೆ ತೊಡೆಯ ಹೊರಬದಿಯ ಸ್ನಾಯುವಿಗೆ. ಹೆದರಿ ತಲೆಸುತ್ತಿ ಬಿದ್ದವರ ನಾಡಿ ನಿಧಾನವಾಗಿರುತ್ತದೆ, ಮಲಗಿಸಿದರೆ ಚೇತರಿಸಿಕೊಳ್ಳುತ್ತಾರೆ. ನಾಡಿ ಓಡುತ್ತಿದ್ದು, ಮೈಮೇಲೆ ದದ್ದು, ಉಸಿರಿನಲ್ಲಿ ಸದ್ದು ಇದ್ದರೆ ಅದು ತೀವ್ರ ಅಲರ್ಜಿ, ಅಡ್ರಿನಲಿನ್ ಕೊಡಲು ಕಾಯಬಾರದು.

ದಿನಚರಿಯ ಭಾಷೆಗೆ ನಾವು ಕೊಡುವ ಸಮಯ ಬಹಳ. ‘ಪ್ರತಿಕೂಲ ಘಟನೆ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಲಸಿಕೆ ಆದಮೇಲೆ ಮೈಯಲ್ಲಿ ಏನಾದರೂ ಹೆಚ್ಚುಕಡಿಮೆ ಆಯಿತಾ?’ ಎಂದರೆ ಉತ್ತರ ಬರುತ್ತದೆ. ‘ಒಳಜ್ವರ’ ಎಂದು ಬರೆದದ್ದನ್ನು ಜ್ವರವೆಂದು ಸೇರಿಸುವಂತಿಲ್ಲ, ಬಿಟ್ಟುಬಿಡುವಂತೆಯೂ ಇಲ್ಲ. ಡಿಜಿಟಲ್ ಥರ್ಮಾಮೀಟರ್ ಕೊಟ್ಟು ದಿನವೂ ಸಂಜೆ ಅಳೆಯಲು ಹೇಳುತ್ತೇವೆ. ತೀವ್ರತೆಯ ಲೆಕ್ಕದಲ್ಲಿ 38.0ರಿಂದ 38.4 ಡಿಗ್ರಿ ಸೆಲ್ಸಿಯಸ್ ಒಂದನೇ ದರ್ಜೆ, 38.9ರವರೆಗೆ ಎರಡು, 39ರಿಂದ 40ರವರೆಗೆ ಮೂರು, ಅದರ ಮೇಲೆ ನಾಲ್ಕು. ನಮ್ಮಲ್ಲಿ ಎಷ್ಟೋ ಥರ್ಮಾಮೀಟರ್ ಫ್ಯಾರನ್‌ಹೀಟ್ ತೋರಿಸುತ್ತವೆ, ಹಾಗಾಗಿ ಎರಡೂ ಅಳತೆ ಪುಟದ ಅಂಚಿನಲ್ಲಿ ಅಚ್ಚಾಗಿರಲಿ. ತೋಳಿನ ಕೆಂಪು, ಗಟ್ಟಿ ಊತಕ್ಕೆ ಪಾರದರ್ಶಕ ಸ್ಕೇಲು: ಅಗಲವಾದ ಕಡೆ 2.5 ಸೆಂ.ಮೀ. ಇದ್ದರೆ ದರ್ಜೆ ಶುರು, 10 ದಾಟಿದರೆ ಮೂರನೇ ದರ್ಜೆ.

ಗದ್ದದ ಬಾವು ಫೋನಿನಲ್ಲಿ ತಿಳಿಯುವುದಿಲ್ಲ. ‘ದವಡೆ ನೋವು’ ಎಂದು ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಿಡುತ್ತಾರೆ. 14 ಮತ್ತು 21ನೇ ದಿನ ಎದುರೆದುರು ಕೂರಿಸಿಕೊಂಡು ಮುಟ್ಟಿ ನೋಡಬೇಕು. ಪೆರೋಟಿಡ್ ಊದಿದರೆ ದವಡೆಯ ಮೂಲೆ ಕೈಗೆ ಸಿಗದೆ ಮುಚ್ಚಿಹೋಗುತ್ತದೆ, ಕಿವಿಯ ಹಾಲೆ ಮೇಲಕ್ಕೂ ಹೊರಕ್ಕೂ ಎದ್ದಿರುತ್ತದೆ; ಕತ್ತಿನ ಗಂಟು ದವಡೆಯ ಕೆಳಗೇ ಉಳಿಯುತ್ತದೆ. ಬಾವು ಕಂಡರೆ ಗ್ರಂಥಿಯನ್ನು 30 ಸೆಕೆಂಡು ನೀವಿ, ಮೇಲಿನ ಎರಡನೇ ದೊಡ್ಡ ದವಡೆಹಲ್ಲಿನ ಎದುರು, ಕೆನ್ನೆಯ ಒಳಗೆ ಜೊಲ್ಲು ಜಿನುಗುವ ಜಾಗದಲ್ಲಿ ಸ್ವ್ಯಾಬ್ ತೆಗೆದು ತಣ್ಣಗಿನ ಪೆಟ್ಟಿಗೆಯಲ್ಲಿ ಕಳಿಸಬೇಕು. ವೈಟ್‌ಫೀಲ್ಡ್‌ನಿಂದ ಸಂಜೆ ಹೊರಟ ಪೆಟ್ಟಿಗೆ ಲ್ಯಾಬ್ ಮುಚ್ಚುವ ಮೊದಲು ತಲುಪುವ ಖಾತ್ರಿಯಿಲ್ಲ. ಸ್ವ್ಯಾಬ್ ಬೆಳಿಗ್ಗೆಯೇ ಆಗಲಿ.

ಸ್ವ್ಯಾಬಿನ ಪಿಸಿಆರ್ (ವೈರಸ್ ಪತ್ತೆ ಪರೀಕ್ಷೆ) ಪಾಸಿಟಿವ್ ಬಂದರೆ ಕೆಲಸ ಮುಗಿಯಲಿಲ್ಲ. ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಕರ್ನಾಟಕಕ್ಕೆ 2017ರಲ್ಲಿ ಬಂದದ್ದು ದಡಾರ-ರುಬೆಲ್ಲಾ ಲಸಿಕೆ, ಮಂಗನಬಾವು ಅದರಲ್ಲಿರಲಿಲ್ಲ. ಊರಿನಲ್ಲಿ ಕಾಡುವೈರಸ್ (ಲಸಿಕೆಯದಲ್ಲದ, ರೋಗ ಹರಡುವ ವೈರಸ್) ಓಡಾಡುತ್ತಲೇ ಇರುತ್ತದೆ, ಬಾವು ಪಕ್ಕದ ಮನೆಯ ಮಗುವಿನಿಂದ ಬಂದಿರಬಹುದು. ವೈರಸ್ಸಿನ ಎಸ್‌ಎಚ್ ಎಂಬ ಜೀನಿನ ಅನುಕ್ರಮ ಓದಿಸಿದರೆ ಲಸಿಕೆಯ ತಳಿಯೋ ಹೊರಗಿನದೋ ಸ್ಪಷ್ಟವಾಗುತ್ತದೆ. ರಕ್ತದಲ್ಲಿ ಅಮೈಲೇಸ್ ಎಂಬ ಕಿಣ್ವ ಏರಿದ್ದರೆ ಲೈಪೇಸ್ ಎಂಬ ಇನ್ನೊಂದು ಕಿಣ್ವವನ್ನೂ ನೋಡಿ. ಅಮೈಲೇಸ್ ಒಂದೇ ಏರಿದ್ದರೆ ಅದು ಹೆಚ್ಚಾಗಿ ಜೊಲ್ಲುಗ್ರಂಥಿಯದು, ಎರಡೂ ಏರಿದ್ದರೆ ಮೇದೋಜೀರಕ.

ಈ ವೈರಸ್ ವೃಷಣವನ್ನೂ ಮುಟ್ಟಬಹುದು, ಆದರೆ ಅಲ್ಲಿನ ನೋವನ್ನು ಗಂಡಸರು ತಾವಾಗಿ ಹೇಳುವುದಿಲ್ಲ. ಬಾಗಿಲು ಹಾಕಿ, ಪುರುಷ ವೈದ್ಯರೇ, ನೇರವಾಗಿ ಕೇಳಬೇಕು.

ಬಿಡದ ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದಿರುವುದು, ಇವುಗಳಿಗೆ ರಾತ್ರಿಯಾದರೂ ಆಸ್ಪತ್ರೆ, ಬೆನ್ನುಹುರಿ ದ್ರವದ ಪರೀಕ್ಷೆ, ಅದರಲ್ಲೂ ಪಿಸಿಆರ್. ಪ್ರತಿಯೊಬ್ಬರ ಪರ್ಸಿನಲ್ಲಿ ನಮ್ಮ ನಂಬರಿನ ಕಾರ್ಡು ಇರುತ್ತದೆ, ಬೇರೆ ಆಸ್ಪತ್ರೆಗೆ ಹೋದರೂ ಅಲ್ಲಿಂದ ಕರೆ ಬರಲಿ ಎಂದು. ಚಿಕಿತ್ಸೆ ತಡ ಮಾಡಿ ಎನ್ನುವ ಒಂದು ಪದವೂ ಆ ಕಾರ್ಡಿನಲ್ಲಿ ಇರಕೂಡದು. ಬ್ಯಾಕ್ಟೀರಿಯಾ ಇರಬಹುದೆಂಬ ಅನುಮಾನವಿದ್ದರೆ ಆಂಟಿಬಯೋಟಿಕ್ ಮೊದಲು, ನಮ್ಮ ಮಾದರಿ ಆಮೇಲೆ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಂತೆ 24 ಗಂಟೆಯೊಳಗೆ ಕೇಂದ್ರ ಪರವಾನಗಿ ಪ್ರಾಧಿಕಾರ, ಪ್ರಾಯೋಜಕರು, ನೈತಿಕ ಸಮಿತಿ ಮೂವರಿಗೂ ವರದಿ ಹೋಗಬೇಕು, 14 ದಿನದೊಳಗೆ ವಿಶ್ಲೇಷಣೆ.

ಕಿವಿಯ ಪರೀಕ್ಷೆಯನ್ನು ಬಹಳ ಕಡೆ ಬಿಡುತ್ತಾರೆ. ಲಸಿಕೆಗೆ ಮುನ್ನ ಒಂದು ಆಡಿಯೋಗ್ರಾಂ ಇಲ್ಲದಿದ್ದರೆ ಮುಂದೆ ಕೇಳಿಸುವುದು ಕಡಿಮೆಯಾದಾಗ ಅದು ಹಳೆಯದೋ ಹೊಸದೋ ಹೇಳಲಾಗದು. ಮೊದಲ ದಿನ ಒಂದು, 42ನೇ ದಿನ ಒಂದು, 250ರಿಂದ 8000 ಹರ್ಟ್ಸ್‌ವರೆಗೆ. ಮಂಗನಬಾವಿನ ಕಿವುಡು ಸಾಮಾನ್ಯವಾಗಿ ಒಂದೇ ಕಿವಿಗೆ ಬರುವುದರಿಂದ ಅವರಿಗೇ ತಿಳಿಯುವುದಿಲ್ಲ. ಆರನೇ ತಿಂಗಳ ಫೋನ್ ಕರೆಯಲ್ಲಿ ‘ಕಿವಿ ಚೆನ್ನಾಗಿ ಕೇಳಿಸುತ್ತಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ನಾವು ಕೇಳುವುದು ಹೀಗೆ: ‘ಈಗ ಫೋನ್ ಯಾವ ಕಿವಿಗೆ ಹಿಡಿದಿದ್ದೀರಿ? ಇನ್ನೊಂದು ಕಿವಿಗೆ ಇಟ್ಟುಕೊಂಡು ನಾನು ಹೇಳುವ ಐದು ಪದ ವಾಪಸ್ ಹೇಳಿ.’